ಹೆದರಬೇಕಾದ್ದು ಡಾಕ್ಟರ ಚೀಟಿಗಲ್ಲ

‘ಮೊಡವೆಗೂ ಡಾಕ್ಟರಾ? ವಯಸ್ಸಾದರೆ ತಾನೇ ಹೋಗುತ್ತೆ ಬಿಡು.’ ಬೆಂಗಳೂರಿನ ವೈಟ್‌ಫೀಲ್ಡ್‌ನ ಪಿಜಿಗಳಲ್ಲೂ ಪೀಣ್ಯದ ವಠಾರಗಳಲ್ಲೂ ಕೇಳುವ ಬುದ್ಧಿಮಾತು ಇದೇ. ಹೋಗದಿದ್ದರೆ ತಪ್ಪು ಟ್ಯಾಂಕರ್ ನೀರಿನದು. ಮಾತ್ರೆ ಅಂದರೆ ಸೈಡ್ ಎಫೆಕ್ಟ್ ಎಂದು ಹಿಂಜರಿಯುವವರೇ, ಮೆಡಿಕಲ್ ಸ್ಟೋರಿನವರು ಕೊಟ್ಟ ಟ್ಯೂಬನ್ನು ತಿಂಗಳುಗಟ್ಟಲೆ ಬಳಿದುಕೊಳ್ಳುತ್ತಾರೆ. ಭಯ ಬೇಕಾದ ಕಡೆ ಇಲ್ಲ, ಬೇಡದ ಕಡೆ ಇದೆ.

ಆ ಟ್ಯೂಬನ್ನು ತಿರುಗಿಸಿ ಸಣ್ಣ ಅಕ್ಷರ ಓದಿ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಇವುಗಳಲ್ಲಿ ಯಾವುದಿದ್ದರೂ ಅದು ಸ್ಟೀರಾಯ್ಡ್. ಮೊದಮೊದಲು ಕೆಂಪು ಇಳಿದು ಮುಖ ಬೆಳ್ಳಗಾದಂತೆ ಕಾಣುತ್ತದೆ. ಬರಬರುತ್ತಾ ಚರ್ಮ ತೆಳುವಾಗಿ ರಕ್ತನಾಳದ ಗೆರೆಗಳು ಮೂಡುತ್ತವೆ. ಹಚ್ಚುವುದನ್ನು ಬಿಟ್ಟರೆ ಉರಿಯೊಂದಿಗೆ ಮೊಡವೆ ಮತ್ತೆ ಉಕ್ಕುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ತಂದದ್ದು ಸುಮ್ಮನೆ ಅಲ್ಲ.

ನೀರನ್ನು ದೂರುವುದೂ ಸರಿಯಲ್ಲ. ಗಡಸು ನೀರು ಚರ್ಮವನ್ನು ಒಣಗಿಸೀತು. ಆದರೆ ಮೊಡವೆ ಹುಟ್ಟುವುದು ರೋಮಕೂಪದೊಳಗೆ: ಜಿಡ್ಡು ಹೆಚ್ಚಿ, ಬಾಯಿ ಕಟ್ಟಿ, ಬ್ಯಾಕ್ಟೀರಿಯಾ ಬೆಳೆದು ಉರಿಯೂತವಾದಾಗ. ಪರಿಸರವೇ ಕಾರಣವಾಗುವುದೂ ಉಂಟು. ಲೇತ್ ಮುಂದೆ ದುಡಿಯುವವರ ಮುಂಗೈ, ತೊಡೆಗಳಲ್ಲಿ, ಕಟಿಂಗ್ ಆಯಿಲ್ ನೆನೆದ ಬಟ್ಟೆ ಉಜ್ಜುವ ಕಡೆ, ಕಪ್ಪು ಚುಕ್ಕೆ, ಕೀವುಗುಳ್ಳೆ ಏಳುತ್ತವೆ. ಅವರಿಗೆ ಮುಲಾಮಿಗಿಂತ ಮೊದಲು ಬೇಕಾದ್ದು ಒಗೆದ ಸಮವಸ್ತ್ರ, ಏಪ್ರನ್, ಶಿಫ್ಟ್ ಮುಗಿದ ಕೂಡಲೇ ತೊಳೆದುಕೊಳ್ಳಲು ಸೋಪು ನೀರು. ಅದನ್ನು ಒದಗಿಸುವುದು ಮಾಲೀಕರ ಹೊಣೆ.

ಸರಿಯಾದ ಚಿಕಿತ್ಸೆ ನಿಧಾನದ್ದು. ಅಡಾಪಲೀನ್, ಬೆಂಝಾಯಿಲ್ ಪೆರಾಕ್ಸೈಡ್ ಹಚ್ಚಿದರೆ ಗುಣ ಕಾಣಲು 8ರಿಂದ 12 ವಾರ ಬೇಕು. ಶುರುವಿನಲ್ಲಿ ಸಿಪ್ಪೆ ಎದ್ದಿತೆಂದು ಬಿಟ್ಟವರೇ ‘ಕ್ರೀಮ್ ಕೆಲಸ ಮಾಡಲಿಲ್ಲ’ ಎನ್ನುತ್ತಾರೆ. ಗಂಟು ಕಟ್ಟಿ ಗುಳಿ ಬೀಳಿಸುವ ಮೊಡವೆಗೆ 1982ರಿಂದ ಬಳಕೆಯಲ್ಲಿರುವ ಐಸೊಟ್ರೆಟಿನೋಯಿನ್ ಮಾತ್ರೆ ಇದೆ. ಅದರ ಅಪಾಯ ಸುಳ್ಳಲ್ಲ: ಗರ್ಭಿಣಿ ಸೇವಿಸಿದರೆ ಮಗುವಿಗೆ ತೀವ್ರ ಅಂಗವೈಕಲ್ಯ ಬರಬಹುದು. ಮಾತ್ರೆ ನಡೆಯುವಾಗಲೂ ನಿಲ್ಲಿಸಿದ ಮೇಲೆ ಒಂದು ತಿಂಗಳೂ ಗರ್ಭ ನಿಲ್ಲಬಾರದು. ಲಿವರ್, ಕೊಬ್ಬಿನ ರಕ್ತಪರೀಕ್ಷೆ ಬೇಕು. ಇದು ಡಾಕ್ಟರನ್ನು ಬಿಡಲು ಕಾರಣವಲ್ಲ, ಡಾಕ್ಟರಿಲ್ಲದೆ ನುಂಗದಿರಲು ಕಾರಣ.

ಮೊಡವೆಗೆ ಡಾಕ್ಟರನ್ನು ಕಾಣುವುದು ಐಟಿಯವರ ಶೋಕಿಯೂ ಅಲ್ಲ. ಸಂಬಳದಲ್ಲಿ ಇಎಸ್‌ಐ ವಿಮೆಗೆ ಕಡಿತವಾಗುವ ಕಾರ್ಮಿಕನಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಇದೆ. ಚರ್ಮಕ್ಕೆ ಅಲ್ಲಿ ಚೀಟಿ ಬರೆಸುವುದು ಅವನ ಹಕ್ಕು. ವಯಸ್ಸು ಮೊಡವೆಯನ್ನು ಕರೆದೊಯ್ದೀತು. ಅದು ಬಿಟ್ಟುಹೋದ ಗುಳಿಯನ್ನು ತುಂಬಿಕೊಡುವುದಿಲ್ಲ. ಕಾಯಬೇಡಿ, ಗುಳಿ ಬೀಳುವ ಮೊದಲೇ ತೋರಿಸಿ.