ಸಾಮತಿಗೆ ಹಿಡಿದ ಅಳತೆಗೋಲು

ಪದವಿಯ ಕೊನೆಯ ವರ್ಷಗಳಲ್ಲಿ ಮನಃಶಾಸ್ತ್ರವನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಸಾಮಾಜಿಕ ಮನಃಶಾಸ್ತ್ರದ ಪಾಠಗಳಲ್ಲಿ ಕಾಣುವ ಪ್ರಸಿದ್ಧ ಪ್ರಯೋಗಗಳಲ್ಲಿ ಒಂದು, ಶುಭಸಂದೇಶದ ಸಾಮತಿಯೊಂದನ್ನೇ ತನ್ನ ವಸ್ತುವಾಗಿ ಮಾಡಿಕೊಂಡಿದೆ. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನಃಶಾಸ್ತ್ರಜ್ಞರು ಇದನ್ನು ನಡೆಸಿ, 1973ರಲ್ಲಿ ‘ಜೆರುಸಲೇಮಿನಿಂದ ಜೆರಿಕೋವಿಗೆ’ ಎಂಬ ಶೀರ್ಷಿಕೆಯ ಪ್ರಬಂಧವಾಗಿ ಪ್ರಕಟಿಸಿದರು. ತರಗತಿಯಲ್ಲಿಯೂ ಪ್ರಬೋಧನಾಪೀಠದಲ್ಲಿಯೂ ಇದನ್ನು ಉದಾಹರಿಸುವವರು ಬಹಳ. ಆದರೆ ಉದಾಹರಿಸುವವರೆಲ್ಲರೂ ಮೂಲ ಪ್ರಬಂಧವನ್ನು ಓದಿದ್ದಾರೆಯೇ ಎಂಬ ಸಂಶಯಕ್ಕೆ ಆಸ್ಪದವಿದೆ.

ಪ್ರಯೋಗದ ಸ್ವರೂಪ ಹೀಗಿದೆ. ಪ್ರಿನ್ಸ್‌ಟನ್ ದೈವಶಾಸ್ತ್ರ ಗುರುಮಠದ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕರೆದು, ಪಕ್ಕದ ಕಟ್ಟಡಕ್ಕೆ ಹೋಗಿ ಚಿಕ್ಕದೊಂದು ಭಾಷಣ ಮಾಡಬೇಕೆಂದು ತಿಳಿಸಲಾಯಿತು. ಕೆಲವರಿಗೆ ಕೊಟ್ಟ ವಿಷಯ ಸಮಾರಿಯದವನ ಸಾಮತಿ; ಉಳಿದವರಿಗೆ ಗುರುಮಠದ ವಿದ್ಯಾರ್ಥಿಗಳಿಗೆ ಒಪ್ಪುವ ಉದ್ಯೋಗಗಳು. ಹೊರಡುವಾಗ ಕೆಲವರಿಗೆ ‘ಈಗಾಗಲೇ ತಡವಾಗಿದೆ, ಬೇಗ ಹೋಗಿ’ ಎಂದೂ, ಕೆಲವರಿಗೆ ‘ಅಲ್ಲಿ ಸಿದ್ಧರಾಗಿದ್ದಾರೆ’ ಎಂದೂ, ಇನ್ನು ಕೆಲವರಿಗೆ ‘ಇನ್ನೂ ಸ್ವಲ್ಪ ಸಮಯವಿದೆ’ ಎಂದೂ ಹೇಳಲಾಯಿತು. ನಡುವಿನ ಓಣಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಬಳಿ ಕುಸಿದು, ತಲೆ ತಗ್ಗಿಸಿ, ಕೆಮ್ಮುತ್ತ ನರಳುತ್ತಿದ್ದ. ಅವನು ಪ್ರಯೋಗಕ್ಕಾಗಿಯೇ ನೇಮಿಸಿದ್ದ ಪಾತ್ರಧಾರಿ. ಯಾರು ನಿಲ್ಲುತ್ತಾರೆ, ಯಾರು ದಾಟಿ ಹೋಗುತ್ತಾರೆ ಎಂಬುದೇ ಪರೀಕ್ಷೆ.

ಲೆಕ್ಕಕ್ಕೆ ಬಂದ 40 ಮಂದಿಯಲ್ಲಿ 16 ಮಂದಿ ಏನಾದರೊಂದು ನೆರವು ನೀಡಿದರು. ಸಮಯವಿದ್ದವರಲ್ಲಿ ಶೇಕಡ 63, ಮಧ್ಯಮ ಅವಸರದವರಲ್ಲಿ ಶೇಕಡ 45, ತೀವ್ರ ಅವಸರದವರಲ್ಲಿ ಶೇಕಡ 10 ಮಂದಿ ನೆರವಾದರು. ಭಾಷಣದ ವಿಷಯ ಯಾವುದೆಂಬುದು ಗಣನೀಯ ವ್ಯತ್ಯಾಸವನ್ನು ಉಂಟುಮಾಡಲಿಲ್ಲವೆಂದು ಲೇಖಕರು ಬರೆದರು. ಪ್ರಶ್ನಾವಳಿಗಳಿಂದ ಅಳೆದ ಧಾರ್ಮಿಕ ಮನೋಭಾವವೂ ಯಾರು ನಿಲ್ಲುವರೆಂಬುದನ್ನು ಮುಂಚಿತವಾಗಿ ಸೂಚಿಸಲಿಲ್ಲ.

ಪಠ್ಯಪುಸ್ತಕಗಳು ಇದನ್ನು ಎರಡು ವಾಕ್ಯಗಳಿಗೆ ಇಳಿಸುತ್ತವೆ: ಮನುಷ್ಯನ ನಡತೆಯನ್ನು ನಿರ್ಧರಿಸುವುದು ಅವನ ಗುಣವಲ್ಲ, ಸನ್ನಿವೇಶ, ದಯೆಯ ಸಾಮತಿಯನ್ನು ಧ್ಯಾನಿಸುತ್ತಿದ್ದವರೂ ದಯೆ ತೋರಲಿಲ್ಲ. ಇದನ್ನು ಕಲಿತ ಮಗಳು ಮನೆಗೆ ಬಂದು, ‘ಅಪ್ಪಾ, ಶುಭಸಂದೇಶ ಓದಿದರೂ ಮನುಷ್ಯ ಬದಲಾಗುವುದಿಲ್ಲವೆಂದು ವಿಜ್ಞಾನವೇ ತೋರಿಸಿದೆ’ ಎಂದರೆ ತಂದೆಯ ಉತ್ತರವೇನು? ‘ಇಂಥ ಓದೇ ಬೇಡವಾಗಿತ್ತು’ ಎಂದು ಸಿಡುಕುವುದು ಸುಲಭ. ಆ ಸಿಡುಕಿನಿಂದ ಮಗಳ ಪ್ರಶ್ನೆ ಅಳಿಯುವುದಿಲ್ಲ, ಮಾತು ಮಾತ್ರ ನಿಲ್ಲುತ್ತದೆ. ‘ಆ ಪ್ರಬಂಧವನ್ನು ನಾವಿಬ್ಬರೂ ಓದೋಣವೇ?’ ಎಂದು ಕೇಳುವುದು ಹೆಚ್ಚು ಫಲಕಾರಿ. ಏಕೆಂದರೆ ಓದುತ್ತ ಹೋದಂತೆ ಆ ಎರಡು ವಾಕ್ಯಗಳು ಸಡಿಲವಾಗುತ್ತವೆ.

ಮೊದಲನೆಯದಾಗಿ, ಸಂಖ್ಯೆಗಳ ಅಲ್ಪತೆ. 40 ಮಂದಿಯನ್ನು ಮೂರು ಗುಂಪುಗಳಾಗಿ ಹಂಚಿದಾಗ ತೀವ್ರ ಅವಸರದ ಗುಂಪಿನ ‘ಶೇಕಡ 10’ ಎಂಬುದು ಹತ್ತು ಜನರಲ್ಲಿ ಒಬ್ಬ ಎಂದಷ್ಟೇ ಆಗುತ್ತದೆ. ಇನ್ನಿಬ್ಬರು ನಿಂತಿದ್ದರೆ ಅದೇ ಶೇಕಡ 30 ಆಗಿಬಿಡುತ್ತಿತ್ತು. ಇಷ್ಟು ಚಿಕ್ಕ ಅಡಿಪಾಯದ ಮೇಲೆ ಮನುಷ್ಯಸ್ವಭಾವದ ಬಗೆಗೆ ಎತ್ತರದ ಗೋಪುರವನ್ನು ಕಟ್ಟಲಾಗದು.

ಎರಡನೆಯದು ಇನ್ನೂ ಮುಖ್ಯವಾದುದು. ಸಾಮತಿಯ ಬಗ್ಗೆ ಮಾತನಾಡಲು ಹೊರಟವರಲ್ಲಿ ಶೇಕಡ 53 ಮಂದಿಯೂ, ಉದ್ಯೋಗಗಳ ಬಗ್ಗೆ ಮಾತನಾಡಲು ಹೊರಟವರಲ್ಲಿ ಶೇಕಡ 29 ಮಂದಿಯೂ ನೆರವಾದರು. ಈ ಅಂತರ ಆಕಸ್ಮಿಕವೂ ಆಗಿರಬಹುದೆಂಬ ಸಂಖ್ಯಾಶಾಸ್ತ್ರದ ಎಚ್ಚರಿಕೆ ಸರಿಯೇ. ಆದರೆ ‘ಪರಿಣಾಮವಿದೆಯೆಂದು ಸಾಬೀತಾಗಲಿಲ್ಲ’ ಎಂಬುದಕ್ಕೂ ‘ಪರಿಣಾಮವಿಲ್ಲವೆಂದು ಸಾಬೀತಾಯಿತು’ ಎಂಬುದಕ್ಕೂ ಅಜಗಜಾಂತರವಿದೆ. ಆಂಟನಿ ಗ್ರೀನ್‌ವಾಲ್ಡ್ ಎಂಬ ಮನಃಶಾಸ್ತ್ರಜ್ಞರು 1975ರಲ್ಲಿಯೇ ಇವೇ ಅಂಕಿಗಳನ್ನು ಬೇರೊಂದು ಕ್ರಮದಿಂದ ಲೆಕ್ಕಹಾಕಿ, ಸಾಮತಿ ಪರಿಣಾಮ ಬೀರಿಲ್ಲವೆಂಬ ತೀರ್ಮಾನಕ್ಕೆ ಈ ಅಂಕಿಗಳ ಬೆಂಬಲವಿಲ್ಲವೆಂದು ವಾದಿಸಿದರು. ಪ್ರಯೋಗದಷ್ಟು ಈ ಆಕ್ಷೇಪ ಪ್ರಸಿದ್ಧವಾಗಲಿಲ್ಲ. ಒಳ್ಳೆಯ ಕಥೆಗಿರುವ ಕಾಲುಗಳು ಅದರ ತಿದ್ದುಪಡಿಗೆ ಇರುವುದಿಲ್ಲ.

ಮೂರನೆಯದಾಗಿ, ಲೇಖಕರು ತಾವೇ ತೋರಿದ ಸಂಯಮ. ದಾಟಿ ಹೋದವರನ್ನು ಅವರು ಕಲ್ಲೆದೆಯವರೆಂದು ಕರೆಯಲಿಲ್ಲ. ತಮ್ಮನ್ನು ನಂಬಿ ಕಾಯುತ್ತಿರುವ ಒಬ್ಬರು ಅತ್ತ, ನರಳುತ್ತಿರುವ ಒಬ್ಬರು ಇತ್ತ. ಈ ಎರಡು ಕರೆಗಳ ನಡುವಿನ ತುಮುಲದಲ್ಲಿ ಅವರು ಸಿಲುಕಿದ್ದರೆಂದು ಪ್ರಬಂಧವೇ ಸೂಚಿಸುತ್ತದೆ. ಪಠ್ಯಪುಸ್ತಕದ ಸಾರಾಂಶ ಈ ಕರುಣೆಯ ಪುಟವನ್ನೇ ಬಿಟ್ಟುಬಿಡುತ್ತದೆ. ಜನರನ್ನು ಗದರಲು ಇದೇ ಪ್ರಯೋಗವನ್ನು ಬಳಸುವ ಬೋಧಕರೂ ಹಾಗೆಯೇ ಮಾಡುತ್ತಾರೆ.

ಈ ಬಗೆಯ ಎಚ್ಚರಿಕೆ ಇಂದಿನ ವಿದ್ಯಾರ್ಥಿಗೆ ಅನಿವಾರ್ಯ. 2015ರಲ್ಲಿ ಸಂಶೋಧಕರ ದೊಡ್ಡ ತಂಡವೊಂದು ಮನಃಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ನಡೆಸಿ ವರದಿ ಮಾಡಿತು. ಮೂಲದಲ್ಲಿ ಶೇಕಡ 97ರಷ್ಟು ಅಧ್ಯಯನಗಳು ಗಣನೀಯ ಫಲಿತಾಂಶ ತೋರಿದ್ದರೆ, ಮರುಪರೀಕ್ಷೆಯಲ್ಲಿ ಹಾಗೆ ತೋರಿದವು ಶೇಕಡ 36 ಮಾತ್ರ. ಇದರಿಂದ ಆ ಶಾಸ್ತ್ರವೇ ಸುಳ್ಳೆಂದು ಹಿಗ್ಗುವವರು ಆತುರಗಾರರು. ತನ್ನ ಲೋಪವನ್ನು ತಾನೇ ಹುಡುಕಿ ಲೋಕದ ಮುಂದಿಡುವ ಶಾಸ್ತ್ರದಲ್ಲಿ ಆತ್ಮಶೋಧನೆಯ ಗುಣವಿದೆ. ಅದು ನಮಗೆ ಅಪರಿಚಿತವಾದ ಗುಣವೇನಲ್ಲ.

ಹಾಗಾದರೆ ಈ ಪ್ರಯೋಗದಲ್ಲಿ ಉಳಿಯುವುದೇನು? ಒಂದು ಮೌಲಿಕ ಪ್ರಶ್ನೆ ಉಳಿಯುತ್ತದೆ. ಯಾಜಕನೂ ಲೇವಿಯನೂ ದಯೆಯಿಲ್ಲದವರೆಂದೇ ನಾವು ಓದುತ್ತ ಬಂದಿದ್ದೇವೆ. ಅವರು ಬಿಡುವಿಲ್ಲದ ಗಣ್ಯರಾಗಿದ್ದಿರಬಹುದೆಂಬ ಸಾಧ್ಯತೆಯನ್ನು ಡಾರ್ಲಿ ಮತ್ತು ಬ್ಯಾಟ್ಸನ್ ಮುಂದಿಟ್ಟರು. ಬೆಳಗಿನ ಪೂಜೆಗೆ ತಡವಾಯಿತೆಂದು ಹಾಸಿಗೆ ಹಿಡಿದ ಅಜ್ಜಿಯ ಕೂಗನ್ನು ಕೇಳಿಸಿಕೊಳ್ಳದೆ ಹೊರಡುವ ಮನೆಗಳಿಗೆ ಈ ಮಾತು ತಟ್ಟದೆ ಇರದು.

ಆದರೂ ಸಾಮತಿಯನ್ನು ಪ್ರಯೋಗಕ್ಕಿಂತ ನಿಧಾನವಾಗಿ ಓದಿದರೆ ಇನ್ನೊಂದು ಸಂಗತಿ ಗೋಚರಿಸುತ್ತದೆ. ಸಮಾರಿಯದವನೂ ಪ್ರಯಾಣದಲ್ಲಿದ್ದವನೇ. ಅವನು ತನ್ನ ಪಯಣವನ್ನು ತೊರೆಯಲಿಲ್ಲ. ಗಾಯಗಳಿಗೆ ಪಟ್ಟಿ ಕಟ್ಟಿ, ಛತ್ರಕ್ಕೆ ಕರೆತಂದು, ಆರೈಕೆ ಮಾಡಿ, ಮರುದಿನ ಛತ್ರದವನ ಕೈಗೆ ಎರಡು ನಾಣ್ಯಗಳನ್ನಿತ್ತು, ಮಿಕ್ಕ ಖರ್ಚನ್ನು ಹಿಂದಿರುಗುವಾಗ ಕೊಡುವೆನೆಂದು ಹೇಳಿ ಮುಂದೆ ನಡೆದ. ಎರಡು ಕರೆಗಳ ನಡುವೆ ಸಿಲುಕಿದ ಪ್ರಿನ್ಸ್‌ಟನ್ನಿನ ವಿದ್ಯಾರ್ಥಿಗೆ ತೋಚದೆ ಹೋದ ದಾರಿ ಇದೇ: ನಿಲ್ಲುವುದು, ಮಾಡಬಹುದಾದುದನ್ನು ಮಾಡುವುದು, ಉಳಿದುದಕ್ಕೆ ಮತ್ತೊಬ್ಬರನ್ನು ಜೊತೆಗೂಡಿಸಿಕೊಳ್ಳುವುದು. ಪ್ರಯೋಗದ ಲೆಕ್ಕದಲ್ಲಿಯೂ, ತಾವು ನಿಲ್ಲದೆ ಹೋದರೂ ಅತ್ತ ಕಟ್ಟಡದಲ್ಲಿದ್ದವರಿಗೆ ವಿಷಯ ತಿಳಿಸಿದವರನ್ನು ನೆರವಾದವರೆಂದೇ ಎಣಿಸಲಾಗಿತ್ತು ಎಂಬುದು ಗಮನಾರ್ಹ.

ಮನಃಶಾಸ್ತ್ರ ಓದುವ ನಮ್ಮ ಮಕ್ಕಳು ಆ ಓಣಿಯ ವಿದ್ಯಾರ್ಥಿಗಳನ್ನು ನಗೆಪಾಟಲು ಮಾಡಲು ಕಲಿಯದಿರಲಿ. ಅವರ ಹೆಜ್ಜೆ ಏಕೆ ನಿಲ್ಲಲಿಲ್ಲವೆಂದು ಕೇಳಲು ಕಲಿಯಲಿ. ಹಿರಿಯರಾದ ನಾವೂ ಆ ಪ್ರಶ್ನೆಯನ್ನು ಕೇಳುವಷ್ಟು ಬಿಡುವು ಮಾಡಿಕೊಳ್ಳೋಣ.