ಸುರಪುರದ ಜಾತಕ, ಟೇಲರ್‌ನ ದೇವರು

ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್‌ನ ಆತ್ಮಕಥೆಯನ್ನು ಸಗರನಾಡಿನವರು ಇತಿಹಾಸದ ದಾಖಲೆ ಎಂದಷ್ಟೇ ಓದುತ್ತಾರೆ. 1841ರಲ್ಲಿ ಸುರಪುರಕ್ಕೆ ಬಂದವನು, ರಾಣಿ ಈಶ್ವರಮ್ಮನ ಕಾಲದ ಒಳಜಗಳಗಳ ನಡುವೆ ಆಡಳಿತ ನಡೆಸಿದವನು, ಅವಳ ಮಗ, ಬಾಲಕ ರಾಜ ವೆಂಕಟಪ್ಪನಾಯಕನಿಂದ ‘ಅಪ್ಪಾ’ ಎನ್ನಿಸಿಕೊಂಡವನು ಎಂದು ಅವನನ್ನು ನೆನೆಯುತ್ತೇವೆ. ಆದರೆ ಅವನು ತೀರಿದ ಮರುವರ್ಷ, 1877ರಲ್ಲಿ, ಮಗಳ ಆಸ್ಥೆಯಿಂದ ಹೊರಬಂದ ಆ ಪುಸ್ತಕ ಒಬ್ಬ ಕ್ರೈಸ್ತನ ನಂಬಿಕೆಯ ಬರಹವೂ ಹೌದು. ಹಾಗೆ ಓದಿದರೆ ಅದರ ಬಲ ಕಾಣುತ್ತದೆ, ದೊಡ್ಡದೊಂದು ತಪ್ಪೂ ಕಾಣುತ್ತದೆ.

ಪುಸ್ತಕದ ಮರೆಯಲಾಗದ ಪ್ರಸಂಗ ಜಾತಕದ್ದು. ರಾಣಿ ಕಾಯಿಲೆ ಬಿದ್ದು ಬದುಕುವ ಆಸೆಯನ್ನೇ ಬಿಟ್ಟಿದ್ದ ಹೊತ್ತಿನಲ್ಲಿ ಮಗನ ಜಾತಕದ ಗುಟ್ಟು ಟೇಲರ್‌ಗೆ ತಿಳಿಯುತ್ತದೆ: ಹುಡುಗ 24ರ ಗಂಡ ದಾಟಲಾರ. ಮುಂದೆ 1858ರಲ್ಲಿ ಬಂಡೆದ್ದು ಸೆರೆಸಿಕ್ಕ ವೆಂಕಟಪ್ಪನಾಯಕನ ಮರಣದಂಡನೆ ಇಳಿದಿಳಿದು ನಾಲ್ಕು ವರ್ಷದ ಸೆರೆವಾಸಕ್ಕೆ ಬಂದು ನಿಲ್ಲುತ್ತದೆ. ಜಾತಕ ಸುಳ್ಳಾಯಿತು ಎನ್ನುವಷ್ಟರಲ್ಲಿ, ಚೆಂಗಲ್ಪಟ್ಟಿನ ಕೋಟೆಗೆ ಒಯ್ಯುವ ದಾರಿಯಲ್ಲಿ, ಗುಂಡು ತಗುಲಿ ಅವನು ಸಾಯುತ್ತಾನೆ. ಕೊಡೇಕಲ್ ಬಸವಣ್ಣನ ಕಾಲಜ್ಞಾನ ಕೇಳಿ ಬೆಳೆದ ಈ ನೆಲಕ್ಕೆ ಇಂಥ ಭವಿಷ್ಯನುಡಿ ಹೊಸದಲ್ಲ. ಆದರೆ ಆ ಜಾತಕ ತಾಯಿಗೆ ಕೊಟ್ಟದ್ದೇನು? ಯಾರಿಗೂ ಹೇಳಲಾಗದ ಭಯವೊಂದನ್ನೇ. ಬೈಬಲ್ಲು ಹೇಳುವ ನಿಶ್ಚಯದ ಜಾಡು ಬೇರೆ. ಅಬ್ರಹಾಮ ಹೊರಟಾಗ ಸೇರುವ ಊರು ಅವನಿಗೆ ಗೊತ್ತಿರಲಿಲ್ಲ. ಯೋಬನಿಗೆ ತನ್ನ ಸಂಕಟದ ಕಾರಣ ಕೊನೆವರೆಗೂ ತಿಳಿಯಲಿಲ್ಲ. ಹಸಿವೂ ಕತ್ತಿಯೂ ಬರುವುದಿಲ್ಲ ಎಂದು ಪೌಲ ಎಲ್ಲಿಯೂ ಮಾತು ಕೊಡುವುದಿಲ್ಲ. ಅವು ಬಂದರೂ ದೇವರ ಪ್ರೀತಿಯಿಂದ ತನ್ನನ್ನು ಅಗಲಿಸಲಾರವು ಎಂಬುದೇ ಅವನ ಗಟ್ಟಿತನ. ಸುರಪುರದ ಆ ವರ್ಷಗಳಲ್ಲೇ ಹೆಂಡತಿಯನ್ನು ಕಳೆದುಕೊಂಡ ಟೇಲರ್ ಕಹಿಯಾಗದೆ ಕೆಲಸಕ್ಕೆ ಮರಳಿದ್ದರ ಹಿಂದೆ ಇಂಥದೇ ನೆಚ್ಚಿಕೆ ಇದೆ. ಪುಸ್ತಕದ ಬಲ ಅದು.

ಈ ನೆಚ್ಚಿಕೆಯೂ ಹಣೆಬರಹವೇ ಅಲ್ಲವೇ, ಹೆಸರಷ್ಟೇ ಬೇರೆ ಎಂದು ಕೇಳಬಹುದು. ಅಲ್ಲ. ಹಣೆಬರಹದ ಜೊತೆ ಜಗಳಾಡಲು ಬರುವುದಿಲ್ಲ. ಕೀರ್ತನೆಗಳನ್ನು ತೆರೆದು ನೋಡಿ, ಎಷ್ಟೋ ಕಡೆ ದೂರು, ಅಳು, ಇನ್ನೆಷ್ಟು ದಿನ ಎಂಬ ಮೊರೆ. ಗೆತ್ಸೇಮನೆಯಲ್ಲಿ ಯೇಸು ಕೂಡ ತನಗೆ ಬರಲಿದ್ದ ಸಂಕಟ ಬೇಡವೆಂದೇ ಮೊದಲು ಬೇಡಿಕೊಂಡ, ಆಮೇಲೆ ತನ್ನನ್ನು ಒಪ್ಪಿಸಿಕೊಟ್ಟ. ಕೇಳುವವನೊಬ್ಬ ಇದ್ದಾನೆಂದು ನಂಬಿದವನಿಗೆ ಮಾತ್ರ ಹೀಗೆ ಒಪ್ಪಿಸಿಕೊಳ್ಳಲು ಬರುತ್ತದೆ.

ಇದಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದಿದೆ. ದೇವರಿಗೆ ತಲೆಬಾಗು ಎಂದವರೇ ದೊರೆಗಳಿಗೂ ತಲೆಬಾಗಿಸಿದರು, ಕಂಪನಿ ಸರ್ಕಾರದ ನೆರಳಿನಲ್ಲೇ ಈ ಮಾತು ಬಂತು ಎಂಬುದು ಅದು. ಇದನ್ನು ತಳ್ಳಿಹಾಕುವಂತಿಲ್ಲ, ಟೇಲರ್‌ನ ತಪ್ಪು ಇರುವುದೂ ಇಲ್ಲಿಯೇ. ತನ್ನ ನೋವನ್ನು ದೇವರ ಮುಂದಿಟ್ಟವನು ಕಂಪನಿಯ ಅಧಿಕಾರವನ್ನು ಅದೇ ದೇವರ ಮುಂದಿಟ್ಟು ತೂಗುವುದಿಲ್ಲ. ಸುರಪುರದ ಪ್ರಜೆಗಳನ್ನು ಪ್ರೀತಿಸಿದ, ನಿಜ. ಆದರೆ ಅವರನ್ನು ಆಳುವ ಹಕ್ಕು ಎಲ್ಲಿಂದ ಬಂತೆಂದು ಗಟ್ಟಿಯಾಗಿ ಕೇಳಿಕೊಳ್ಳಲಿಲ್ಲ. ಜೆರುಸಲೇಮಿನ ಸಭೆಯ ಮುಂದೆ ನಿಂತ ಪೇತ್ರನಿಗೆ ಈ ಗೊಂದಲ ಇರಲಿಲ್ಲ: ದೇವರ ಮಾತಿಗೂ ಅಧಿಕಾರಿಗಳ ಮಾತಿಗೂ ತಿಕ್ಕಾಟ ಬಂದಾಗ ದೇವರ ಮಾತನ್ನೇ ಕೇಳಬೇಕೆಂದು ಅವನು ಎದುರೆದುರೇ ಹೇಳಿದ. ದೇವರ ಅಧಿಕಾರವನ್ನು ಒಪ್ಪುವುದೆಂದರೆ ಉಳಿದೆಲ್ಲ ಅಧಿಕಾರಕ್ಕೂ ಒಂದು ಮಿತಿ ಹಾಕುವುದು. ಆ ಮಿತಿ ಈ ಆತ್ಮಕಥೆಯಲ್ಲಿ ಕಾಣುವುದು ಟೇಲರ್‌ನ ಪ್ರಾರ್ಥನೆಗಳಲ್ಲಲ್ಲ, ಸೆರೆಯಲ್ಲಿದ್ದ ವೆಂಕಟಪ್ಪನಾಯಕನನ್ನು ಅವನು ಕಂಡ ಭೇಟಿಯಲ್ಲಿ. ಅಲ್ಲಿ ರಾಜ ಜೀವಕ್ಕಾಗಿ ಅಂಗಲಾಚುವುದಿಲ್ಲ, ತನ್ನವರ ಹೆಸರು ಹೇಳುವುದಿಲ್ಲ, ಕಳ್ಳನ ಹಾಗೆ ನೇಣಿಗೆ ಹಾಕುವ ಬದಲು ತೋಪಿನ ಬಾಯಿಗೆ ಕಟ್ಟಿ ಎನ್ನುತ್ತಾನೆ. ಅದನ್ನು ಮರೆಮಾಚದೆ ಬರೆದದ್ದು ಟೇಲರ್‌ನ ಪ್ರಾಮಾಣಿಕತೆ. ಜಾತಕದ ಪುಟಗಳನ್ನೂ ಈ ಭೇಟಿಯ ಪುಟಗಳನ್ನೂ ಓದುಗರು ಒಟ್ಟಿಗೆ ಇಟ್ಟುಕೊಂಡು ಓದಬೇಕು.