ಪೌಡರ್ ಡಬ್ಬಿಯ ಬೆನ್ನು

ಗಂಡಸರ ಪೌಡರ್ ಎಂಬ ಪ್ರತ್ಯೇಕ ವಸ್ತು ಯಾವುದೂ ಇಲ್ಲ. ಡಬ್ಬಿ ಕಪ್ಪಗಿರುತ್ತದೆ, ಮುಚ್ಚಳಕ್ಕೆ ಉಕ್ಕಿನ ಬಣ್ಣ ಬಳಿದಿರುತ್ತಾರೆ, ಹೆಸರಿನ ಹಿಂದೆಯೋ ಮುಂದೆಯೋ ‘ಕೂಲ್’ ಅಥವಾ ‘ಸ್ಪೋರ್ಟ್’ ಅಂತ ಒಂದು ಬಾಲ ಅಂಟಿರುತ್ತದೆ. ಒಳಗಿರುವುದು ಹೆಂಡತಿಯ ಡಬ್ಬಿಯಲ್ಲಿರುವ ಅದೇ ಬಿಳಿ ಹುಡಿ. ಮಲ್ಲಿಗೆಯ ಬದಲು ಕಸ್ತೂರಿಯ ವಾಸನೆ, ಅಷ್ಟೇ. ಆದರೂ ಗಂಡಸು ಪೌಡರ್ ಆರಿಸುವಾಗ ಬೇರೆಯೇ ಲೆಕ್ಕ ಹಾಕಬೇಕು. ಯಾಕೆಂದರೆ ಅವನು ಅದನ್ನು ಹಾಕಿಕೊಳ್ಳುವ ಜಾಗಗಳು ಬೇರೆ. ಮುಖಕ್ಕೆ ತೆಳ್ಳಗೆ ಸವರಿಕೊಳ್ಳುವವರು ಈಗ ಕಡಿಮೆ. ಕಂಕುಳು, ಬೆನ್ನು, ಆಗಷ್ಟೇ ರೇಜರ್ ಆಡಿಸಿದ ಕುತ್ತಿಗೆ, ಒಳತೊಡೆ, ಮತ್ತೆ ಹೆಸರು ಹೇಳಲು ಸಂಕೋಚಪಡುವ ಸಂದಿಗಳು, ಇವೇ ನಮ್ಮ ಪೌಡರಿನ ನೆಲೆಗಳು.

ಆ ಸಂಕೋಚವನ್ನು ಇಲ್ಲೇ ಮುಗಿಸಿಬಿಡೋಣ. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ಮೈಯ ಬೇರೆ ಬೇರೆ ಭಾಗಗಳಿಗೆ ಹೈಡ್ರೊಕಾರ್ಟಿಸೋನ್ ಸವರಿ, ಎಲ್ಲಿ ಎಷ್ಟು ಒಳಗಿಳಿಯುತ್ತದೆಂದು ಅಳೆದರು. ಮುಂಗೈಯ ಒಳಮಗ್ಗುಲನ್ನು 1 ಎಂದಿಟ್ಟುಕೊಂಡರೆ ಕಂಕುಳು 3.6, ದವಡೆಯ ಮೂಲೆ 13, ವೃಷಣದ ಚರ್ಮ 42. ಒಂದು ಔಷಧದ ಲೆಕ್ಕವನ್ನು ಪೌಡರಿಗೆ ಹಾಗೇ ಹಚ್ಚುವಂತಿಲ್ಲ, ನಿಜ. ಖನಿಜದ ಹುಡಿ ಚರ್ಮ ದಾಟಿ ಹೋಗುವುದಿಲ್ಲ. ಆದರೆ ಅದರ ಜೊತೆ ಬೆರೆಸಿದ ಸುಗಂಧ, ಮೆಂಥಾಲ್, ಸ್ಯಾಲಿಸಿಲಿಕ್ ಆಸಿಡ್‌ಗಳಿಗೆ ಆ ತಡೆ ಇಲ್ಲ. ಕೈಮೇಲೆ ಹಾಕಿ ‘ಏನೂ ಆಗಲಿಲ್ಲ’ ಎಂದು ತೃಪ್ತಿಪಟ್ಟ ಪೌಡರ್ ಕೆಳಗೆ ಉರಿ ಹತ್ತಿಸುವುದು ಇದಕ್ಕೇ.

ಈಗ ಡಬ್ಬಿ ತಿರುಗಿಸಿ ಬೆನ್ನು ಓದಿ. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ಇರುವುದು ಮೊದಲು ಬರುತ್ತದೆ. ಬಹುತೇಕ ಡಬ್ಬಿಗಳಲ್ಲಿ ಆ ಮೊದಲ ಹೆಸರು ಟಾಲ್ಕ್. ಕೆಲವದರಲ್ಲಿ ಮೆಕ್ಕೆಜೋಳದ ಪಿಷ್ಟ. ಅದನ್ನು ಕಾರ್ನ್ ಸ್ಟಾರ್ಚ್ ಅಂತಲೋ, ಸಸ್ಯಶಾಸ್ತ್ರದ ಹೆಸರು ಹಿಡಿದು ಝಿಯಾ ಮೇಸ್ ಸ್ಟಾರ್ಚ್ ಅಂತಲೋ ಬರೆದಿರುತ್ತಾರೆ. ಸುರಕ್ಷತೆಯ ಅರ್ಧ ತೀರ್ಮಾನ ಈ ಒಂದು ಪದದಲ್ಲಿದೆ.

ಟಾಲ್ಕ್ ಅಂದರೆ ಮೆಗ್ನೀಸಿಯಮ್ ಸಿಲಿಕೇಟ್. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ವಜ್ರಕ್ಕೆ 10 ಆದರೆ ಇದಕ್ಕೆ 1; ಉಗುರಲ್ಲಿ ಗೀರಬಹುದು. ಕನ್ನಡಿಗರಿಗೆ ಈ ಕುಲ ಹೊಸದಲ್ಲ. ಸ್ಲೇಟಿನ ಮೇಲೆ ಅಕ್ಷರ ತಿದ್ದಿಸಿದ ಬಳಪ ಇದರ ಬಂಧು. ಬೇಲೂರು-ಹಳೇಬೀಡಿನ ಶಿಲ್ಪಿಗಳು ಒಡವೆಯ ಮಣಿಮಣಿಯನ್ನೂ ಬಿಡಿಸಿ ಕೆತ್ತಲು ಸಾಧ್ಯವಾದದ್ದು ಬಳಪದ ಕಲ್ಲು ಮೆತ್ತಗಿದ್ದುದರಿಂದ. ಇಂದು ದೇಶದ ಟಾಲ್ಕಿನ ದೊಡ್ಡ ಪಾಲು ರಾಜಸ್ಥಾನದ್ದು, ಉದಯಪುರದ ಸುತ್ತಮುತ್ತಲ ಗಣಿಗಳದ್ದು. ಇದರ ಹರಳುಗಳು ತೆಳು ಹಾಳೆಗಳಾಗಿ ಒಂದರ ಮೇಲೊಂದು ಕೂತಿರುತ್ತವೆ. ಬೆರಳಲ್ಲಿ ಒತ್ತಿದರೆ ಹೊಸ ಇಸ್ಪೀಟ್ ಕಟ್ಟಿನ ಎಲೆಗಳಂತೆ ಜಾರುತ್ತವೆ. ಆ ಜಾರು, ಆ ನುಣುಪು ಬೇರೆ ಯಾವ ಹುಡಿಗೂ ಬಾರದು. ಪೌಡರಿನ ರುಚಿ ಹತ್ತಿದವನಾಗಿ ಈ ಮಾತನ್ನು ಪ್ರಾಮಾಣಿಕವಾಗಿ ಹೇಳಲೇಬೇಕು.

ಆದರೆ ಟಾಲ್ಕ್ ಬೆವರು ಹೀರುತ್ತದೆ ಎಂಬ ನಂಬಿಕೆಯಲ್ಲಿ ಹುರುಳಿಲ್ಲ. ತಟ್ಟೆಯಲ್ಲಿ ಎರಡು ಗುಡ್ಡೆ ಹಾಕಿ ನೋಡಿ, ಒಂದು ಟಾಲ್ಕ್, ಒಂದು ಪಿಷ್ಟ. ಒಂದೊಂದರ ಮೇಲೂ ಒಂದು ಹನಿ ನೀರು ಬಿಡಿ. ಟಾಲ್ಕಿನ ಮೇಲೆ ಹನಿ ಗುಂಡಗೆ ನಿಂತು, ಮೈಗೆಲ್ಲ ಹುಡಿ ಮೆತ್ತಿಕೊಂಡು ಉರುಳಾಡುತ್ತದೆ. ಪಿಷ್ಟದ ಮೇಲೆ ಬಿದ್ದದ್ದು ಇಳಿದುಹೋಗುತ್ತದೆ. ಟಾಲ್ಕ್ ಮಾಡುವುದು ತೊಡೆಗೆ ತೊಡೆ ಉಜ್ಜದಂತೆ ನಡುವೆ ಜಾರುಪದರ ಹಾಸುವ ಕೆಲಸ. ತೇವ ಎಳೆಯುವ ಕೆಲಸಕ್ಕೆಂದೇ ಕಂಪನಿಗಳು ಅದಕ್ಕೆ ಮೆಗ್ನೀಸಿಯಮ್ ಕಾರ್ಬೋನೇಟ್, ಪಿಷ್ಟ, ಕೆಯೊಲಿನ್ ಜೇಡಿ ಸೇರಿಸುತ್ತವೆ. ಪಟ್ಟಿಯ ಮೇಲೆ ನಂಬಿಕೆ ಬಾರದಿದ್ದರೆ ಗಾಯಕ್ಕೆ ಹಚ್ಚುವ ಅಯೋಡಿನ್‌ನ ಒಂದು ಹನಿ ಸಾಕು. ಪಿಷ್ಟ ಕಂಡಲ್ಲಿ ಅದು ನೀಲಿಗಪ್ಪಾಗುತ್ತದೆ, ಶುದ್ಧ ಟಾಲ್ಕಿನ ಮೇಲೆ ಕಂದಾಗಿಯೇ ಉಳಿಯುತ್ತದೆ. ನಿಂಬೆರಸ ಹಿಂಡಿದಾಗ ನೊರೆ ಬಂದರೆ ಕಾರ್ಬೋನೇಟ್ ಇದೆ ಎಂದರ್ಥ. ಸ್ನಾನದಮನೆಯಲ್ಲೇ ಮಾಡಿ ಮುಗಿಸಬಹುದಾದ ಪರೀಕ್ಷೆಗಳು ಇವು.

ಅಲ್ಲಿ ಮಾಡಲಾಗದ ಪರೀಕ್ಷೆ ಒಂದಿದೆ, ಕಲ್ನಾರಿನದ್ದು. ಟಾಲ್ಕ್ ಹುಟ್ಟುವ ಬಂಡೆಗಳಲ್ಲೇ, ಅದೇ ಕಾವು ಅದೇ ಒತ್ತಡದಲ್ಲಿ, ಕಲ್ನಾರೂ ಹುಟ್ಟಬಹುದು. ಟ್ರೆಮೊಲೈಟ್, ಆಂಥೊಫಿಲೈಟ್, ಕ್ರೈಸೊಟೈಲ್ ಎಂಬ ಈ ನಾರುಖನಿಜಗಳು ಕಣ್ಣಿಗೆ ಕಾಣದ ಸೂಜಿಗಳಾಗಿ ಶ್ವಾಸಕೋಶದ ಹೊರಪೊರೆ ಸೇರಿದರೆ, ದಶಕಗಳು ಕಳೆದ ಮೇಲೆ ಮೀಸೊಥೀಲಿಯೋಮ ಎಂಬ ಕ್ಯಾನ್ಸರ್ ಬರಬಹುದು. ಟಾಲ್ಕಿನ ವಿವಾದವೆಂದರೆ ಹೆಂಗಸರ ಅಂಡಾಶಯದ ಕ್ಯಾನ್ಸರಿನ ಮಾತು, ನಮಗೇನು ಎಂದು ಪುಟ ತಿರುಗಿಸುವ ಗಂಡಸರು ಇದನ್ನು ಗಮನಿಸಬೇಕು. ಉಸಿರು ಎಲ್ಲರದ್ದೂ ಒಂದೇ.

ಆ ವಿವಾದದ ಮುಖ್ಯ ತಿರುವುಗಳು ಇವು. ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ಟಾಲ್ಕಿನಲ್ಲಿ 1971ರಿಂದ 2000ದ ದಶಕದ ಆರಂಭದವರೆಗೆ ಕೆಲವು ಪರೀಕ್ಷೆಗಳಲ್ಲಿ ಅಲ್ಪ ಪ್ರಮಾಣದ ಕಲ್ನಾರು ಕಂಡಿತ್ತು, ಕಂಪನಿಗೆ ಅದು ಗೊತ್ತಿತ್ತು ಎಂದು 2018ರ ಡಿಸೆಂಬರಿನಲ್ಲಿ ರಾಯಿಟರ್ಸ್ ವರದಿ ಮಾಡಿತು. ಕಂಪನಿ ಅಲ್ಲಗಳೆಯಿತು, ಈಗಲೂ ಅಲ್ಲಗಳೆಯುತ್ತದೆ. 2019ರ ಅಕ್ಟೋಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆ ಕಂಪನಿಯ ಒಂದು ಬಾಟಲಿಯಲ್ಲಿ ಕ್ರೈಸೊಟೈಲ್ ಜಾಡು ಸಿಕ್ಕಿತೆಂದಾಗ ಸುಮಾರು 33,000 ಬಾಟಲಿಗಳು ವಾಪಸಾದವು. 2020ರಲ್ಲಿ ಅಮೆರಿಕ, ಕೆನಡಾಗಳಲ್ಲಿ ಕಂಪನಿಯ ಟಾಲ್ಕಿನ ಬೇಬಿ ಪೌಡರ್ ಮಾರಾಟ ನಿಂತಿತು. 2023ರಲ್ಲಿ ಜಗತ್ತಿನಾದ್ಯಂತ ನಿಲ್ಲಿಸಿ ಪಿಷ್ಟಕ್ಕೆ ಹೊರಳಿದರು. ನಮ್ಮಲ್ಲಿ ಮಹಾರಾಷ್ಟ್ರದ ಅಧಿಕಾರಿಗಳು 2022ರಲ್ಲಿ ಇದೇ ಕಂಪನಿಯ ಮುಲುಂದ್ ಕಾರ್ಖಾನೆಯ ಪರವಾನಗಿ ರದ್ದು ಮಾಡಿದ್ದರಲ್ಲ, ಅದರ ಜಗಳ ಪಿಎಚ್ ಮಟ್ಟದ್ದು, ಕಲ್ನಾರಿನದ್ದಲ್ಲ. ಮರುವರ್ಷದ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನು ತಳ್ಳಿಹಾಕಿತು.

2024ರ ಜುಲೈನಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಟಾಲ್ಕನ್ನು ‘2ಎ’ ಗುಂಪಿಗೆ ಸೇರಿಸಿತು: ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವ ಇದೆ ಎನ್ನುವ ಗುಂಪು. ಕೆಂಪು ಮಾಂಸ, ರಾತ್ರಿಪಾಳಿಯ ಕೆಲಸ ಕೂಡ ಅದೇ ಗುಂಪಿನಲ್ಲಿವೆ. ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಆ ಗುಂಪು ಹೇಳುತ್ತದೆಯೇ ಹೊರತು ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಹಾಗಾಗಿ ಇಪ್ಪತ್ತು ವರ್ಷ ಟಾಲ್ಕ್ ಹಾಕಿಕೊಂಡವರು ನಿದ್ದೆಗೆಡಬೇಕಾಗಿಲ್ಲ.

ನಾನು ಟಾಲ್ಕ್ ಬಿಡಿ ಎನ್ನುವುದು ಬೇರೆ ಕಾರಣಕ್ಕೆ. ಅದರ ಒಳ್ಳೆಯತನ ನಿಂತಿರುವುದು ಯಾವ ಗಣಿಯ ಯಾವ ಪದರದಿಂದ ಅಗೆದರು, ಯಾವ ಸೂಕ್ಷ್ಮದರ್ಶಕದಲ್ಲಿ ನೋಡಿದರು ಎಂಬುದರ ಮೇಲೆ. ಅಮೆರಿಕದ ಸೌಂದರ್ಯವರ್ಧಕ ಉದ್ಯಮ 1976ರಲ್ಲಿ ತಾನೇ ರೂಪಿಸಿಕೊಂಡ ಪರೀಕ್ಷಾವಿಧಾನ ನೂರಕ್ಕೆ ಅರ್ಧ ಭಾಗದವರೆಗಿನ ಕಲ್ನಾರನ್ನು ಕಾಣದೆ ಬಿಡಬಹುದಿತ್ತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಅದಕ್ಕಿಂತ ಎಷ್ಟೋ ಚುರುಕು, ಎಷ್ಟೋ ದುಬಾರಿ. ನನ್ನ ಕೈಲಿರುವ ಡಬ್ಬಿ ಯಾವ ಪರೀಕ್ಷೆ ಪಾಸಾಗಿ ಬಂದಿದೆ? ಬೆನ್ನಿನ ಮೇಲೆ ಅದನ್ನು ಬರೆದಿರುವುದಿಲ್ಲ. ಪಿಷ್ಟದ ದೋಷಗಳಾದರೋ ನನ್ನ ಕಣ್ಣು, ಮೂಗಿಗೇ ಸಿಗುತ್ತವೆ: ಗಂಟು ಕಟ್ಟಿದೆಯೇ, ಮುಗ್ಗಲು ವಾಸನೆ ಬಂದಿದೆಯೇ, ಹುಳ ಹತ್ತಿದೆಯೇ. ಬಳಸುವವನೇ ಪರೀಕ್ಷಿಸಬಲ್ಲ ವಸ್ತು ಸಿಗುವಾಗ ಪರೀಕ್ಷಿಸಲಾಗದ್ದನ್ನು ದಿನಾ ಮೂಗಿನ ಕೆಳಗೆ ಕೊಡವಿಕೊಳ್ಳುವುದು ನನಗೆ ಸರಿಕಾಣದು.

ಪಿಷ್ಟವನ್ನೇನೂ ತಲೆಯ ಮೇಲೆ ಹೊತ್ತುಕೊಳ್ಳಬೇಕಿಲ್ಲ. ಬೆರಳ ನಡುವೆ ಒತ್ತಿದರೆ ಕಿರುಗುಟ್ಟುತ್ತದೆ, ಟಾಲ್ಕಿನ ರೇಷ್ಮೆ ಅಲ್ಲಿಲ್ಲ. ಒದ್ದೆ ಮೈಗೆ ಹಾಕಿದರೆ ಗಂಜಿಯಾಗುತ್ತದೆ. ಮಂಗಳೂರಿನ ಮೇ ತಿಂಗಳ ಮಧ್ಯಾಹ್ನ, ಬೆವರು ಆರುವ ಮಾತೇ ಇಲ್ಲದಿರುವಾಗ, ಒಳತೊಡೆಯಲ್ಲಿ ಪಿಷ್ಟ ಉಂಡೆಗಟ್ಟಿ ಮರಳಿನ ಹಾಗೆ ಒತ್ತುವುದುಂಟು. ಅಲ್ಲಿ ತೆಳ್ಳಗೆ ಹಾಕಿ, ಮಧ್ಯಾಹ್ನ ಒಮ್ಮೆ ತೊಳೆದು ಒರೆಸಿ ಮತ್ತೆ ಹಾಕುವುದೇ ದಾರಿ. ರಾಯಚೂರಿನ ಒಣ ಬಿಸಿಲಲ್ಲಿ ಈ ಪೀಕಲಾಟವಿಲ್ಲ. ಪಿಷ್ಟ ಶಿಲೀಂಧ್ರಕ್ಕೆ ಊಟ ಹಾಕಿದಂತೆ ಎಂಬ ಮಾತೊಂದು ಓಡಾಡುತ್ತಿದೆ. ಅಮೆರಿಕದ ಚರ್ಮತಜ್ಞ ಜೇಮ್ಸ್ ಲೇಡನ್ 1984ರಲ್ಲಿ ಇದನ್ನು ಮನುಷ್ಯರ ಚರ್ಮದ ಮೇಲೇ ಪರೀಕ್ಷಿಸಿ, ಮೆಕ್ಕೆಜೋಳದ ಪಿಷ್ಟದಿಂದ ಕ್ಯಾಂಡಿಡಾ ಹೆಚ್ಚಲಿಲ್ಲ ಎಂದು ಕಂಡರು. ಶಿಲೀಂಧ್ರಕ್ಕೆ ಬೇಕಾದ್ದು ತೇವ.

ನನ್ನ ಆಯ್ಕೆ ಹೀಗೆ: ಮೊದಲ ಹೆಸರು ಪಿಷ್ಟ, ನಂತರ ಝಿಂಕ್ ಆಕ್ಸೈಡ್ ಅಥವಾ ಕೆಯೊಲಿನ್, ಸುಗಂಧ ಇಲ್ಲ ಅಥವಾ ಪಟ್ಟಿಯ ಕೊನೆಯಲ್ಲಿ. ಝಿಂಕ್ ಆಕ್ಸೈಡ್ ಚರ್ಮಕ್ಕೆ ಅಂಟಿ ನಿಲ್ಲುತ್ತದೆ, ಉಜ್ಜಿ ಕೆಂಪಾದಲ್ಲಿ ತಂಪೆನಿಸುತ್ತದೆ. ಕರಾವಳಿಯಲ್ಲಿ ಮಕ್ಕಳಿಗೆ ಮಣ್ಣಿ ಮಾಡಿಕೊಡುವ ಕೂವೆಹುಡಿಯೂ ಒಳ್ಳೆಯ ಪಿಷ್ಟವೇ, ಕಣ ನಯ. ಆದರೆ ಅಡುಗೆಮನೆಯ ಹುಡಿಯಲ್ಲಿ ಗಂಟು ತಡೆಯುವ ಏನೂ ಇರುವುದಿಲ್ಲ. ಬೇಕಿದ್ದವರು ಸ್ವಲ್ಪಸ್ವಲ್ಪವೇ ತೆಗೆದಿಟ್ಟು ಬಳಸಬೇಕು. ಅಡುಗೆಸೋಡ ಬೆರೆಸುವ ಮನೆಮದ್ದು ಮಾತ್ರ ಬೇಡ. ಚರ್ಮ ಹುಳಿಗುಣದ್ದು, ಸೋಡ ಕ್ಷಾರ. ಕಂಕುಳು ಕಪ್ಪಾಗಿ ಸುಲಿಯಲು ಇಷ್ಟು ಸಾಕು.

ಇನ್ನು ಬೆರಕೆಗಳು. ಪೌಡರಿನ ಚರಿತ್ರೆಯ ಅತಿ ಘೋರ ಅಧ್ಯಾಯ ಟಾಲ್ಕಿನದ್ದೂ ಅಲ್ಲ, ಕಲ್ನಾರಿನದ್ದೂ ಅಲ್ಲ. 1972ರಲ್ಲಿ ಫ್ರಾನ್ಸಿನಲ್ಲಿ ‘ಟಾಲ್ಕ್ ಮೊರಾಂಜ್’ ಎಂಬ ಪೌಡರಿಗೆ ಹೆಕ್ಸಾಕ್ಲೊರೊಫೀನ್ ಎಂಬ ಕ್ರಿಮಿನಾಶಕ ತಪ್ಪಿ ಶೇ. 6ರಷ್ಟು ಸೇರಿಹೋಯಿತು. 36 ಮಕ್ಕಳು ಸತ್ತರು. ಚರ್ಮದ ಮೂಲಕ ಹೋದ ವಿಷ ನೇರ ನರಮಂಡಲ ಹಿಡಿಯಿತು. ಬೋರಿಕ್ ಆಸಿಡ್ ಕೂಡ ಹಿಂದೆ ಮಕ್ಕಳ ಪೌಡರಿನಲ್ಲಿ ಧಾರಾಳವಾಗಿತ್ತು, ತರಚಿದ ಚರ್ಮದ ಮೂಲಕ ಇಳಿದು ಜೀವ ತೆಗೆದದ್ದೂ ಇದೆ. ಬೆವರುಸಾಲೆಯ ಔಷಧ ಪೌಡರುಗಳಲ್ಲಿ ಅದನ್ನು ಈಗಲೂ ಕಾಣಬಹುದು. ದೊಡ್ಡವರ ಬೆನ್ನಿಗೆ ನಾಲ್ಕು ದಿನ ಹಾಕಿದರೆ ಮುಳುಗಿಹೋಗುವುದೇನಿಲ್ಲ. ಗಾಯಕ್ಕೆ, ಉಜ್ಜಿ ಸುಲಿದ ತೊಡೆಗೆ, ಆಗಷ್ಟೇ ಬೋಳಿಸಿದ ಜಾಗಕ್ಕೆ ಬೇಡ. ಮೆಂಥಾಲ್ ಬಗ್ಗೆ ಒಂದೇ ಮಾತು: ಅದು ಚರ್ಮವನ್ನು ತಣ್ಣಗೆ ಮಾಡುವುದಿಲ್ಲ, ತಣ್ಣಗಿದೆ ಎಂದು ನರಕ್ಕೆ ಸುಳ್ಳು ಹೇಳುತ್ತದೆ. ಬೆನ್ನಿಗೆ ಅದು ಸುಖ, ಕೆಳಗೆ ಶಿಕ್ಷೆ.

ಪಿಷ್ಟವಾಗಲಿ ಟಾಲ್ಕಾಗಲಿ, ಉಸಿರಿಗೆ ಯಾವ ಹುಡಿಯೂ ಒಳ್ಳೆಯದಲ್ಲ. ಅಮೆರಿಕದಲ್ಲಿ 2017ರಿಂದ ಪೌಡರ್ ಹಚ್ಚಿದ ಶಸ್ತ್ರಚಿಕಿತ್ಸೆಯ ಕೈಗವಸುಗಳಿಗೆ ನಿಷೇಧವಿದೆ, ಅವುಗಳಲ್ಲಿ ಇದ್ದದ್ದು ಪಿಷ್ಟವೇ. ಡಬ್ಬಿಯನ್ನು ಕತ್ತಿನ ಮಟ್ಟಕ್ಕೆತ್ತಿ ಶರ್ಟಿನೊಳಗೆ ಕೊಡವುವುದು ನಮ್ಮ ಅಭ್ಯಾಸ. ಬದಲಿಗೆ ಸೊಂಟದ ಕೆಳಗೆ ಹಿಡಿದು, ಅಂಗೈಗೆ ಒಂದಿಷ್ಟು ಸುರಿದುಕೊಂಡು, ಎರಡೂ ಕೈಗೆ ಸವರಿ, ಒರೆಸಿ ಒಣಗಿದ ಮೈಗೆ ಒತ್ತಬೇಕು. ಹಾಕಿದ್ದು ಬಿಳಿಯಾಗಿ ಕಂಡರೆ ಹೆಚ್ಚಾಯಿತು ಎಂದೇ ಲೆಕ್ಕ. ಕ್ಷೌರದಂಗಡಿಯಲ್ಲಿ ಕೊನೆಗೆ ಬ್ರಷ್ಷಿಗೆ ಪೌಡರ್ ತುಂಬಿಸಿ ಕುತ್ತಿಗೆಗೆ ಬಡಿಯುತ್ತಾರಲ್ಲ, ಆ ಬಿಳಿ ಮೋಡದಲ್ಲಿ ನಾವಿರುವುದು ಒಂದು ನಿಮಿಷ. ಕತ್ತರಿ ಹಿಡಿದವರು ಇಡೀ ದಿನ. ಒದ್ದೆ ಟವೆಲಿನಲ್ಲಿ ಒರೆಸಿಬಿಡಿ ಎಂದು ಹೇಳಿದರೆ ಇಬ್ಬರಿಗೂ ಲಾಭ, ಜೊತೆಗೆ ಊರಿನವರ ಕತ್ತಿಗೆಲ್ಲ ಓಡಾಡಿದ ಬ್ರಷ್ ನಮ್ಮ ಕತ್ತಿಗೆ ತಾಗುವುದೂ ತಪ್ಪುತ್ತದೆ.

ಕೊನೆಯದಾಗಿ, ಪೌಡರಿನ ಕೆಲಸವೇ ಅಲ್ಲದ್ದು. ತೊಡೆಸಂದಿಯಲ್ಲಿ ಉಂಗುರದಂತೆ ಹರಡಿ, ಅಂಚು ಕೆಂಪಗೆ ಉಬ್ಬಿ, ರಾತ್ರಿ ತುರಿಕೆ ಎಬ್ಬಿಸುತ್ತಿದ್ದರೆ ಅದು ಬೆವರುಸಾಲೆಯಲ್ಲ, ಹುಳುಕಡ್ಡಿ. ಕ್ಲೋಟ್ರಿಮಾಜೋಲ್ ಇರುವ ಪೌಡರ್ ಔಷಧವೇ ಆದರೂ ಈಗಿನ ಹಟಮಾರಿ ಸೋಂಕಿಗೆ ಅದೊಂದೇ ಸಾಲುವುದು ಅಪರೂಪ. ಅದಕ್ಕಿಂತ ಕೆಟ್ಟದ್ದು ಮೆಡಿಕಲ್ ಶಾಪಿನವನು ಕೈಗಿಡುವ ಸ್ಟೆರಾಯ್ಡ್ ಬೆರೆತ ಟ್ಯೂಬು. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಎರಡು ತಿಂಗಳಲ್ಲಿ ಸೋಂಕು ಸೊಂಟಕ್ಕೇರುತ್ತದೆ, ಚರ್ಮ ತೆಳುವಾಗಿ ಗೆರೆ ಬೀಳುತ್ತದೆ. 2018ರಲ್ಲಿ ಸರ್ಕಾರ ಇಂಥ 14 ಸ್ಟೆರಾಯ್ಡುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದಿತು, ಮಾರಾಟ ನಿಂತಿಲ್ಲ. ಅಂಥ ಉಂಗುರ ಕಂಡರೆ ಚರ್ಮವೈದ್ಯರ ಬಳಿ ಹೋಗಿ, ಹಚ್ಚಿದ ಟ್ಯೂಬಿನ ಖೋಲನ್ನೂ ಜೊತೆಗೊಯ್ಯಿರಿ. ಮನೆಯಲ್ಲಿ ಟವೆಲ್ ಬೇರೆ ಮಾಡಿಕೊಳ್ಳಿ, ಒಳಉಡುಪನ್ನು ಒಳಗು ಹೊರಗು ಮಾಡಿ ಬಿಸಿಲಿಗೆ ಹಾಕಿ.